ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಹಂಚುವುದು ಹೇಗೆ? ಮೈಕ್ ಕೊಳ್ಳುವ ಮುಂಚೆ ಇದನ್ನು ಓದಿ

"ಮನೆಯಲ್ಲಿ ಹಾಡು ರೆಕಾರ್ಡ್ ಮಾಡ್ಬೇಕು, ಯಾವ ಮೈಕ್ ತಗೊಳ್ಳಲಿ?" ಹವ್ಯಾಸಿ ಗಾಯಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಸದ್ಯಕ್ಕೆ ಯಾವುದೂ ಬೇಡ. ನಿಮ್ಮ ಹಾಡು ಖಾಲಿ ಕಲ್ಯಾಣ ಮಂಟಪದಲ್ಲಿ ಹಾಡಿದ ಹಾಗೆ ಕೇಳಿಸುತ್ತಿದ್ದರೆ ತಪ್ಪು ಕೋಣೆಯದ್ದು. 'ಪ', 'ಭ' ಬಂದಾಗೆಲ್ಲ ಡಬ್ ಡಬ್ ಅನ್ನುತ್ತಿದ್ದರೆ ತಪ್ಪು ಬಾಯಿಗೂ ಮೈಕಿಗೂ ಇರುವ ದೂರದ್ದು. ಹತ್ತು ಸಾವಿರದ ಮೈಕ್ ತಂದರೂ ಇವೆರಡು ಹೋಗುವುದಿಲ್ಲ, ಇನ್ನೂ ಚೆನ್ನಾಗಿ ಕೇಳಿಸುತ್ತವೆ ಅಷ್ಟೇ.

ಭಾವಗೀತೆ, ದಾಸರ ಪದ, ಜಾನಪದ ಅಥವಾ ಸ್ವಂತ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೋ ಇನ್‌ಸ್ಟಾಗ್ರಾಮಿಗೋ ಹಾಕಬೇಕು ಅನ್ನುವವರಿಗೆ ಈ ಲೇಖನ. ನಮ್ಮ ಹಾಡುಗಳಲ್ಲಿ ಸಾಹಿತ್ಯ ಮುಖ್ಯ. ಒಂದೊಂದು ಪದವೂ ಕೇಳುವವರಿಗೆ ಬಿಡಿಬಿಡಿಯಾಗಿ ತಲುಪಬೇಕು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಏನೇನು ಬೇಕು

ಒಂದು ಸ್ಮಾರ್ಟ್‌ಫೋನ್. ವೈರ್ ಇರುವ ಇಯರ್‌ಫೋನ್ (ಬ್ಲೂಟೂತ್ ಬೇಡ, ಕಾರಣ ಮುಂದೆ ಬರುತ್ತದೆ). ಫೋನ್ ನಿಲ್ಲಿಸಲು ಸ್ಟ್ಯಾಂಡ್. ತಂಬೂರಿ ಶ್ರುತಿ ಕೊಡುವ ಆ್ಯಪ್. ಎರಡು ದಪ್ಪ ಕೌದಿ ಅಥವಾ ರಜಾಯಿ. ಎಡಿಟ್ ಮಾಡಲು ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. 2000ನೇ ಇಸವಿಯಿಂದ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಫೋನಿನಲ್ಲೇ ಬ್ಯಾಂಡ್‌ಲ್ಯಾಬ್, ಐಫೋನ್ ಆದರೆ ಗ್ಯಾರೇಜ್‌ಬ್ಯಾಂಡ್.

1. ಕೋಣೆ ಆರಿಸಿ

ಹಾಲ್‌ನಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ 'ಝಿಂಗ್' ಅಂತ ಒಂದು ಬಾಲ ಕೇಳಿಸುತ್ತದಲ್ವಾ? ಟೈಲ್ಸ್ ನೆಲ, ಬರೀ ಗೋಡೆ, ಗಾಜಿನ ಕಿಟಕಿಗೆ ದನಿ ಬಡಿದು ವಾಪಸ್ ಬರುತ್ತಿದೆ. ನೀವು ಹಾಡುವ ಪ್ರತಿ ಪದಕ್ಕೂ ಇದೇ ಬಾಲ ಅಂಟಿಕೊಳ್ಳುತ್ತದೆ. ಆಮೇಲೆ ಯಾವ ತಂತ್ರಾಂಶದಿಂದಲೂ ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ.

ಈಗ ಮಲಗುವ ಕೋಣೆಗೆ ಹೋಗಿ. ಹಾಸಿಗೆ, ದಿಂಬು, ಪರದೆ ಎಲ್ಲ ಇರುವ ಕಡೆ ಅದೇ ಚಪ್ಪಾಳೆ ಮಂಕಾಗಿ ಕೇಳಿಸುತ್ತದೆ. ಅದೇ ನಿಮ್ಮ ಸ್ಟುಡಿಯೊ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದಕ್ಕೆ ಬೆನ್ನು ಹಾಕಿ ನಿಲ್ಲಿ. ಬೀರು ಇಲ್ಲದಿದ್ದರೆ ಬೆನ್ನ ಹಿಂದೆ ಹಗ್ಗ ಕಟ್ಟಿ ಕೌದಿ ಇಳಿಬಿಡಿ. ಸುಮಾರು ಜನ ಕೌದಿಯನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಆದರೆ ಮೈಕ್ ನೋಡುತ್ತಿರುವುದು ನಿಮ್ಮನ್ನು, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಮುಚ್ಚಬೇಕಾದ್ದು ಆ ಗೋಡೆಯನ್ನೇ. ಕೋಣೆಯ ಮೂಲೆಗೆ ಅಂಟಿಕೊಂಡು ನಿಲ್ಲಬೇಡಿ, ದನಿ ಗುಮ್ಮೆನ್ನುತ್ತದೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಉಪಾಯ ಸುಮ್ನೆ ದಂಡ. ತೆಳು ರಟ್ಟು ದನಿಯನ್ನು ಹೀರುವುದಿಲ್ಲ. ದಪ್ಪ ಬಟ್ಟೆ, ಹತ್ತಿ ಹೀರುತ್ತವೆ.

ಇನ್ನು ಗಲಾಟೆ. ಫ್ಯಾನ್ ಆಫ್ ಮಾಡಿ. ಬೇಸಿಗೆಯಲ್ಲಿ ಕಷ್ಟ, ಗೊತ್ತು, ಆದರೆ ಬೇರೆ ದಾರಿ ಇಲ್ಲ. ಯುಪಿಎಸ್, ಫ್ರಿಜ್ ಎರಡೂ ಹತ್ತಿರದಲ್ಲಿದ್ದರೆ ಗುಂಯ್‌ಗುಡುತ್ತವೆ. ಫ್ರಿಜ್ ಆಫ್ ಮಾಡುವುದಾದರೆ ನಿಮ್ಮ ಗಾಡಿ ಕೀಯನ್ನು ಅದರೊಳಗೆ ಇಡಿ. ಹೊರಗೆ ಹೊರಡುವಾಗ ತಾನಾಗಿಯೇ ನೆನಪಾಗುತ್ತದೆ. ಕುಕ್ಕರ್ ಸೀಟಿ, ಮಿಕ್ಸಿ, ತರಕಾರಿ ಗಾಡಿಯ ಸ್ಪೀಕರ್, ಇವುಗಳ ಹೊತ್ತು ನಿಮಗೇ ಗೊತ್ತು. ಊರಲ್ಲಾದರೆ ರಾತ್ರಿ ಹತ್ತರ ಮೇಲೆ ಒಳ್ಳೆಯದು. ಮಲೆನಾಡಿನವರಿಗೆ ಆಗ ಜೀರುಂಡೆ ಕಾಟ, ಹಂಚಿನ ಮನೆಯಾದರೆ ಮಳೆಗಾಲವಿಡೀ ರೆಕಾರ್ಡಿಂಗ್ ಆಸೆ ಬಿಡಬೇಕು.

2. ಶ್ರುತಿ ಮತ್ತು ಲಯ ಗಟ್ಟಿ ಮಾಡಿಕೊಳ್ಳಿ

ಹಾಡಿನ ಅತಿ ಮೇಲಿನ ಸ್ವರ ಮತ್ತು ಅತಿ ಕೆಳಗಿನ ಸ್ವರ ಎರಡನ್ನೂ ಹಾಡಿ ನೋಡಿ, ಆಮೇಲೆ ಶ್ರುತಿ ಆರಿಸಿ. ಮೂಲ ಗಾಯಕರ ಶ್ರುತಿಯಲ್ಲೇ ಹಾಡಬೇಕೆಂಬ ಹಟ ಬೇಡ. ಚರಣದಲ್ಲಿ ಕಿರುಚುವುದಕ್ಕಿಂತ ಒಂದು ಮನೆ (ಅಂದರೆ ಹಾರ್ಮೋನಿಯಂನ ಒಂದು ಕೀಲಿ) ಇಳಿಸಿಕೊಳ್ಳುವುದು ವಾಸಿ.

ಹಾರ್ಮೋನಿಯಂ ಬಳಸುವವರಿಗೆ ಒಂದು ಎಚ್ಚರಿಕೆ. ಹಳೆಯ ಪೆಟ್ಟಿಗೆಗಳು ಈಗಿನ ಆ್ಯಪ್‌ಗಳ ಶ್ರುತಿಗೆ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಮೇಲೋ ಕೆಳಗೋ ಇರುತ್ತವೆ. ತಂಬೂರಿ ಆ್ಯಪ್‌ನಲ್ಲಿ 'ಸೆಂಟ್' ಅಥವಾ 'ಫೈನ್ ಟ್ಯೂನ್' ಎಂಬ ಸೆಟ್ಟಿಂಗ್ ಇರುತ್ತದೆ. ಕಪ್ಪು ಬಿಳಿ ಎರಡೂ ಸೇರಿಸಿ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಆ್ಯಪನ್ನು ಪೆಟ್ಟಿಗೆಗೆ ಹೊಂದಿಸಿ. ಪೆಟ್ಟಿಗೆಯನ್ನು ಆ್ಯಪಿಗೆ ಹೊಂದಿಸಬೇಕಾದರೆ ರಿಪೇರಿಯವರೇ ಬೇಕು. ತಬಲಾವನ್ನೂ ಇದೇ ಶ್ರುತಿಗೆ ಕೂರಿಸಿದ ಮೇಲೆ ಮುಂದಿನ ಮಾತು.

ವಾದ್ಯಗಳನ್ನು ಆಮೇಲೆ ಬೇರೆಯಾಗಿ ಸೇರಿಸುವುದಾದರೆ ಮೆಟ್ರೋನೋಮ್ ಕಡ್ಡಾಯ. ಮೆಟ್ರೋನೋಮ್ ಅಂದರೆ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಸಾಧನ, ಆ್ಯಪ್‌ಗಳಲ್ಲೇ ಇರುತ್ತದೆ. ಬರೀ ತಂಬೂರಿಯೊಂದಿಗೆ ವಚನವನ್ನೋ ಆಲಾಪವನ್ನೋ ಹಾಡುವವರಿಗೆ ಇದು ಬೇಕಿಲ್ಲ.

3. ಫೋನ್ ಸಿದ್ಧ ಮಾಡಿ

ಏರೋಪ್ಲೇನ್ ಮೋಡ್ ಹಾಕಿ. ಕವರ್ ಬಿಚ್ಚಿ. ಮುಖ್ಯ ಮೈಕ್ ಸಾಮಾನ್ಯವಾಗಿ ಫೋನಿನ ಕೆಳ ಅಂಚಿನಲ್ಲಿ, ಚಾರ್ಜರ್ ತೂತಿನ ಪಕ್ಕ ಇರುತ್ತದೆ. ಆ ಅಂಚು ನಿಮ್ಮ ಕಡೆಗಿರಲಿ. ತೂತಿನಲ್ಲಿ ಧೂಳು ಕೂತಿದ್ದರೆ ಮೆತ್ತನೆಯ ಬ್ರಷ್‌ನಿಂದ ಒರೆಸಿ, ಪಿನ್ನು ಚುಚ್ಚಬೇಡಿ.

ವಾಟ್ಸ್ಆ್ಯಪ್ ವಾಯ್ಸ್ ನೋಟ್‌ನಲ್ಲಿ ಮಾತ್ರ ರೆಕಾರ್ಡ್ ಮಾಡಬೇಡಿ. ಅದು ಮಾತಿಗಾಗಿ ಇರುವುದು, ದನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ಗುಣಮಟ್ಟವನ್ನು 'ವೇವ್' ಅಥವಾ 'ಲಾಸ್‌ಲೆಸ್' ಎಂದು ಇಡಿ. ಅಂದರೆ ಏನನ್ನೂ ಕಳೆಯದೆ ಉಳಿಸುವ ಫೈಲ್. 'ನಾಯ್ಸ್ ಸಪ್ರೆಶನ್', 'ಆಟೋ ಗೇನ್' ಇದ್ದರೆ ಎರಡನ್ನೂ ಆಫ್ ಮಾಡಿ. ಮೊದಲನೆಯದು ತಂಬೂರಿಯ ನಾದವನ್ನೇ ಗಲಾಟೆ ಅಂದುಕೊಂಡು ಅಳಿಸುತ್ತದೆ. ಎರಡನೆಯದು ನೀವು ಮೆಲ್ಲಗೆ ಹಾಡಿದಾಗ ದನಿ ಏರಿಸಿ, ಜೋರಾಗಿ ಹಾಡಿದಾಗ ಇಳಿಸಿ ಭಾವವನ್ನೆಲ್ಲ ಮಟ್ಟಸ ಮಾಡಿಬಿಡುತ್ತದೆ.

ಸ್ಯಾಂಪಲ್ ರೇಟ್ ಎಂಬ ಅಂಕಿ ಕಾಣಿಸಿದರೆ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ), ವಿಡಿಯೊ ಮಾಡುವವರು 48,000 ಇಡಿ. ಬರೀ ಆಡಿಯೊ ಆದರೆ 44,100 ಸಾಕು, ಸಿಡಿಗಳಲ್ಲಿ ಇದ್ದದ್ದೂ ಅದೇ. ಮಧ್ಯದಲ್ಲಿ ಬದಲಿಸಬೇಡಿ.

4. ದೂರ, ಓರೆ, ಮಟ್ಟ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಲಾಭ ಕೊಡುವ ಹಂತ ಇದು. ಆತುರ ಬೇಡ.

ಬಾಯಿಗೂ ಮೈಕಿಗೂ ಒಂದು ಗೇಣು ದೂರ. ಹೆಬ್ಬೆರಳನ್ನು ತುಟಿಗೆ ತಾಗಿಸಿ, ಕಿರುಬೆರಳು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೈಕ್ ಇರಲಿ. ಅದಕ್ಕಿಂತ ಹತ್ತಿರವಾದರೆ ಉಸಿರು, ಎಂಜಲು ನುಂಗುವ ಸದ್ದೂ ಬರುತ್ತದೆ. ದೂರವಾದರೆ ಕೋಣೆ ಬರುತ್ತದೆ.

ಇನ್ನು ಓರೆ. ಅಂಗೈಯನ್ನು ಮುಖದ ಎದುರು ಹಿಡಿದು 'ಪ, ಫ, ಬ, ಭ' ಅನ್ನಿ. ಗಾಳಿ ಬಂದು ಅಂಗೈಗೆ ಬಡಿಯುತ್ತದೆ. 'ಭ', 'ಫ'ಗಳಲ್ಲಿ ಜಾಸ್ತಿ. ಈಗ ಅಂಗೈಯನ್ನು ಮೆಲ್ಲಗೆ ಕೆನ್ನೆಯ ಪಕ್ಕಕ್ಕೆ ಸರಿಸುತ್ತಾ ಅದೇ ಅಕ್ಷರಗಳನ್ನು ಹೇಳಿ. ಗಾಳಿ ತಾಗುವುದು ನಿಂತ ಜಾಗ ಸಿಗುತ್ತದೆ. ಮೈಕ್ ಅಲ್ಲಿಗೆ ಬರಲಿ, ಆದರೆ ಅದರ ಮುಖ ನಿಮ್ಮ ಬಾಯಿಯ ಕಡೆಗೇ ಇರಲಿ. ನಮ್ಮ ಹಾಡುಗಳಲ್ಲಿ ಭಾವ, ಭಕ್ತಿ, ಫಲ, ಬಾಳು ಇಲ್ಲದ ಸಾಲು ಎಷ್ಟಿವೆ ಹೇಳಿ! ಇಷ್ಟು ಮಾಡಿದರೆ ಪಾಪ್ ಫಿಲ್ಟರ್ ಎಂಬ ಜಾಲರಿಗೆ ದುಡ್ಡು ಕೊಡಬೇಕಿಲ್ಲ. ಬೇಕೇ ಬೇಕೆಂದರೆ ಎಂಬ್ರಾಯ್ಡರಿ ರಿಂಗಿಗೆ ತೆಳುವಾದ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದೆ ನಿಲ್ಲಿಸಿ.

ಕೊನೆಗೆ ಮಟ್ಟ. ಹಾಡಿನ ಅತಿ ಜೋರಾದ ಸಾಲನ್ನೇ ಹಾಡಿ ಪರೀಕ್ಷಿಸಿ, ಪಲ್ಲವಿಯ ಮೊದಲ ಸಾಲನ್ನಲ್ಲ. ಮೀಟರಿನಲ್ಲಿ ಸೊನ್ನೆ ಡೆಸಿಬೆಲ್ ಗರಿಷ್ಠ ಗೆರೆ. ಅದನ್ನು ಮುಟ್ಟಿದರೆ ದನಿ ಒಡೆಯುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ, ಒಡೆದದ್ದು ಮತ್ತೆ ಸರಿಯಾಗುವುದಿಲ್ಲ. ಜೋರಾದ ಸಾಲು ಮೈನಸ್ 12ರಿಂದ ಮೈನಸ್ 6ರೊಳಗೆ ಆಡುತ್ತಿರಲಿ. ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು.

5. ಹಾಡಿ

ರೆಕಾರ್ಡ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ನಿಲ್ಲಿ. ಕೋಣೆಯ ಖಾಲಿ ಸದ್ದು ದಾಖಲಾಗಲಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ. ವಿಡಿಯೊವನ್ನು ಬೇರೆ ಫೋನಿನಲ್ಲಿ ತೆಗೆಯುತ್ತಿದ್ದರೆ ಕ್ಯಾಮೆರಾಗೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಎರಡನ್ನೂ ಜೋಡಿಸುವುದು ಸುಲಭ.

ಇಡೀ ಹಾಡನ್ನು ಮೂರು ಸಲ ಹಾಡಿ ನಿಲ್ಲಿಸಿ. ಹತ್ತು ಸಲ ಹಾಡಿದರೆ ಗಂಟಲು ಸೋಲುತ್ತದೆ, ಉತ್ಸಾಹವೂ ಇಳಿಯುತ್ತದೆ. ಮೂರರಲ್ಲಿ ಚೆನ್ನಾಗಿರುವುದನ್ನು ಆಧಾರ ಮಾಡಿಕೊಂಡು, ಕೆಟ್ಟ ಸಾಲಿಗೆ ಮಾತ್ರ ಉಳಿದೆರಡರಿಂದ ತುಂಡು ತಂದು ಜೋಡಿಸಿ. ಜೋಡಣೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬರಲಿ. ದೀರ್ಘ ಸ್ವರದ ನಡುವೆ ಕತ್ತರಿಸಿದರೆ ಎಂಥವರಿಗೂ ಗೊತ್ತಾಗುತ್ತದೆ.

ಕೈಯಲ್ಲಿ ಸಾಹಿತ್ಯದ ಹಾಳೆ ಬೇಡ, ಸರಸರ ಸದ್ದು ಬರುತ್ತದೆ. ಕಣ್ಣಿನ ಮಟ್ಟದಲ್ಲಿ ಗೋಡೆಗೆ ಅಂಟಿಸಿ. ಬಳೆ, ಝುಮುಕಿ, ಗೆಜ್ಜೆ ತೆಗೆದಿಡಿ.

6. ವಾದ್ಯ ಸೇರಿಸುವುದು

ಹಾಡುತ್ತಾ ಹಾರ್ಮೋನಿಯಂ ನುಡಿಸುವವರೇ, ಪೆಟ್ಟಿಗೆ ನಿಮ್ಮ ದನಿಯನ್ನು ನುಂಗುತ್ತದೆ. ಜೊತೆಗೆ ತಿದಿಯ ಗಾಳಿ, ಮನೆಗಳ ಟಕಟಕ. ಒಂದೇ ಮೈಕ್ ಇದ್ದರೆ ಅದನ್ನು ಬಾಯಿಯ ಮಟ್ಟಕ್ಕೆ ಏರಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ನುಡಿಸಿ. ಇನ್ನೂ ಒಳ್ಳೆಯದೆಂದರೆ ಮೊದಲು ವಾದ್ಯ ಮಾತ್ರ ರೆಕಾರ್ಡ್ ಮಾಡಿ, ಆಮೇಲೆ ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ಹಾಡುವುದು.

ಇಲ್ಲೇ ಬ್ಲೂಟೂತ್ ಕೈಕೊಡುವುದು. ಫೋನಿನಿಂದ ದನಿ ಹೊರಟು ನಿಮ್ಮ ಕಿವಿ ತಲುಪುವಷ್ಟರಲ್ಲಿ ಒಂದಿಷ್ಟು ತಡವಾಗುತ್ತದೆ. ಇದಕ್ಕೆ ಲೇಟೆನ್ಸಿ ಎಂದು ಹೆಸರು. ನೀವು ಕೇಳಿದ ತಾಳಕ್ಕೆ ಸರಿಯಾಗಿಯೇ ಹಾಡಿರುತ್ತೀರಿ, ರೆಕಾರ್ಡಿಂಗ್‌ನಲ್ಲಿ ಮಾತ್ರ ತಾಳ ತಪ್ಪಿರುತ್ತದೆ. ವೈರ್ ಇದ್ದರೆ ಈ ತಡ ಬಹಳ ಕಡಿಮೆ. ಉಳಿದದ್ದನ್ನು ಆ್ಯಪ್‌ನ ಲೇಟೆನ್ಸಿ ಸೆಟ್ಟಿಂಗ್‌ನಲ್ಲಿ ಸರಿಪಡಿಸಬಹುದು.

ಎರಡು ಫೋನ್ ಇದ್ದರೆ ಇನ್ನೂ ಸರಳ. ಒಂದರಲ್ಲಿ ವಾದ್ಯದ ಟ್ರ್ಯಾಕ್ ಓಡಲಿ, ಇನ್ನೊಂದರಲ್ಲಿ ರೆಕಾರ್ಡ್ ಆಗಲಿ. ಹಾಡು ಶುರುವಾಗುವ ಮುಂಚಿನ ನಾಲ್ಕು ಎಣಿಕೆ ಬರುವಾಗ ಇಯರ್‌ಫೋನಿನ ಒಂದು ಬಡ್ ಅನ್ನು ಮೈಕಿನ ಹತ್ತಿರ ಹಿಡಿಯಿರಿ, ಆಮೇಲೆ ಕಿವಿಗೆ ಹಾಕಿಕೊಳ್ಳಿ. ಆ ನಾಲ್ಕು ಟಿಕ್ ನಿಮ್ಮ ರೆಕಾರ್ಡಿಂಗ್‌ನಲ್ಲೂ ಇರುತ್ತವೆ. ಆಡಾಸಿಟಿಯಲ್ಲಿ ಎರಡೂ ಟ್ರ್ಯಾಕ್‌ಗಳ ಟಿಕ್‌ಗಳನ್ನು ಒಂದರ ಕೆಳಗೊಂದು ಕೂರಿಸಿದರೆ ಮುಗಿಯಿತು.

ಹಾಡುವವರು ಅಮೆರಿಕದಲ್ಲಿ, ತಬಲಾದವರು ಧಾರವಾಡದಲ್ಲಿ ಇರುವುದು ಈಗ ಮಾಮೂಲು. ಹಾಗಿದ್ದರೆ ಎಲ್ಲರ ಫೈಲೂ ಒಂದೇ ಸೊನ್ನೆಯಿಂದ ಶುರುವಾಗಬೇಕು. ತಬಲಾ ಎರಡನೇ ಚರಣದಲ್ಲಿ ಬಂದರೂ ಮುಂಚಿನ ಮೌನವನ್ನು ಕತ್ತರಿಸದೆ ಕಳಿಸಲಿ. ಒಂದೇ ಸ್ಯಾಂಪಲ್ ರೇಟ್, ವೇವ್ ಫೈಲ್. ಕಳಿಸುವುದು ಡ್ರೈವ್ ಲಿಂಕ್ ಮೂಲಕ, ವಾಟ್ಸ್ಆ್ಯಪ್ ಆದರೆ 'ಡಾಕ್ಯುಮೆಂಟ್' ಆಗಿ.

7. ಈಗಲೂ ಮೈಕ್ ಬೇಕೇ?

ಹೀಗೆ ಐದಾರು ಹಾಡು ಮಾಡಿದ ಮೇಲೂ ಫೋನ್ ಸಾಲದು ಅನ್ನಿಸಿದರೆ ಕೊಳ್ಳಿ. ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ, ಪಕ್ಕದ ಮನೆಯ ಟಿವಿಯನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕ್ ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ. 1966ರಲ್ಲಿ ಬಂದು ಇವತ್ತಿಗೂ ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಈ ಜಾತಿಯದ್ದು. ಮುಖ್ಯರಸ್ತೆಯ ಮನೆಯವರು ಡೈನಮಿಕ್ ಕಡೆ ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ದುಡ್ಡು ಹಾಳಾಗುವುದು ಎರಡು ಕಡೆ. ದೊಡ್ಡ ಕಂಡೆನ್ಸರ್ ಮೈಕ್‌ಗಳಿಗೆ ಸಾಮಾನ್ಯವಾಗಿ 48 ವೋಲ್ಟ್ 'ಫ್ಯಾಂಟಮ್ ಪವರ್' ಬೇಕು. ಅದನ್ನು ಕೊಡುವುದು ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿಗೂ ಕಂಪ್ಯೂಟರಿಗೂ ನಡುವಿನ ಪೆಟ್ಟಿಗೆ. ಫೋನಿಗೆ ನೇರ ಚುಚ್ಚಿದರೆ ಬರೀ 'ಸ್' ಎಂಬ ಸದ್ದು. ಇನ್ನೊಂದು, ಸಣ್ಣ ಮೈಕ್‌ಗಳ ಪಿನ್ನು. ಪಿನ್ನಿನ ಮೇಲೆ ಮೂರು ಗೆರೆ ಇದ್ದರೆ ಫೋನಿನ ಹೆಡ್‌ಫೋನ್ ತೂತಿಗೆ, ಎರಡಿದ್ದರೆ ಕ್ಯಾಮೆರಾಗೆ. ಈ ತಲೆನೋವು ಬೇಡವಾದರೆ ಯುಎಸ್‌ಬಿ ಮೈಕ್ ತೆಗೆದುಕೊಳ್ಳಿ, ಇಂಟರ್‌ಫೇಸ್ ಬೇಕಿಲ್ಲ.

8. ಎಡಿಟ್: ಕಡಿಮೆ ಮಾಡಿದಷ್ಟೂ ಒಳ್ಳೆಯದು

ಮೂಲ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟು ಶುರು ಮಾಡಿ. ಆಡಾಸಿಟಿಯಲ್ಲಿ ಈ ಕ್ರಮ ಸಾಕು.

ಮೊದಲು 'ನಾಯ್ಸ್ ರಿಡಕ್ಷನ್'. ಆ ಹತ್ತು ಸೆಕೆಂಡ್ ಮೌನವನ್ನು ಆರಿಸಿ, ಗಲಾಟೆ ಎಂದರೆ ಇದು ಎಂದು ತಂತ್ರಾಂಶಕ್ಕೆ ತೋರಿಸಿ, ಆಮೇಲೆ ಇಡೀ ಹಾಡಿಗೆ ಹಾಕಿ. ಸ್ವಲ್ಪವೇ ಹಾಕಿ. ಜಾಸ್ತಿಯಾದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಎರಡನೆಯದು 'ಹೈ ಪಾಸ್ ಫಿಲ್ಟರ್', 80 ಹರ್ಟ್ಸ್‌ಗೆ. ಅದಕ್ಕಿಂತ ಕೆಳಗಿನ ಗುಡುಗುಡು ಹೋಗುತ್ತದೆ. ಮೂರನೆಯದು 'ಕಂಪ್ರೆಸರ್', ಮೆಲುದನಿಗೂ ಜೋರುದನಿಗೂ ಇರುವ ಅಂತರವನ್ನು ತಗ್ಗಿಸುವ ಸಾಧನ. ಅನುಪಾತ ಮೂರಕ್ಕೆ ಒಂದು ಇರಲಿ. ಕೊನೆಗೆ ಚಿಟಿಕೆ 'ರಿವರ್ಬ್', ಅಂದರೆ ಕೃತಕ ಗುಂಗು. ಎಷ್ಟು? ರಿವರ್ಬ್ ಇದೆ ಎಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ.

ಆಟೋಟ್ಯೂನ್ ಬಗ್ಗೆ ಕೇಳುತ್ತಾರೆ. ಅದು ಪ್ರತಿ ದನಿಯನ್ನೂ ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ನಮ್ಮ ಗಮಕ, ಮೀಂಡ್ ಇರುವುದೇ ಸ್ವರಗಳ ನಡುವಿನ ಓಡಾಟದಲ್ಲಿ. ಆ ಓಡಾಟವೇ ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗುತ್ತದೆ. ಒಂದು ಸಾಲು ಶ್ರುತಿ ತಪ್ಪಿದ್ದರೆ ಅದೊಂದನ್ನೇ ಮತ್ತೆ ಹಾಡಿ.

ಒಟ್ಟು ಸದ್ದಿನ ಮಟ್ಟವನ್ನು 'ಲೌಡ್‌ನೆಸ್ ನಾರ್ಮಲೈಸೇಶನ್'ನಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಇಡಿ. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದರ ಅಳತೆ ಅದು. ಇದಕ್ಕಿಂತ ಜೋರಾಗಿ ಕೊಟ್ಟರೂ ಯೂಟ್ಯೂಬ್, ಸ್ಪಾಟಿಫೈ ತಾವೇ ತಗ್ಗಿಸುತ್ತವೆ. ಇಯರ್‌ಫೋನ್, ಫೋನಿನ ಸ್ಪೀಕರ್ ಎರಡರಲ್ಲೂ ಕೇಳಿ. ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಎರಡು ಸಾಲು ಬರೆಯಲು ಹೇಳಿ. ಅವರು ತಪ್ಪು ಬರೆದ ಪದ ನಿಮ್ಮ ರೆಕಾರ್ಡಿಂಗ್‌ನಲ್ಲಿ ಮುಳುಗಿದೆ ಎಂದರ್ಥ.

9. ಹಾಕುವ ಮುಂಚೆ: ಹಾಡು ಯಾರದು?

ಹೆಚ್ಚಿನವರು ಎಡವುವುದು ಇಲ್ಲಿ. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಒಂದು ಹಾಡಿನಲ್ಲಿ ಮೂರು ಬೇರೆ ಬೇರೆ ಹಕ್ಕುಗಳಿವೆ: ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ. ಬದುಕಿದ್ದಾಗ ಪ್ರಕಟವಾದ ಕವಿತೆಗೆ ಕವಿ ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ರಕ್ಷಣೆ. ರಾಗಕ್ಕೂ ಸಂಯೋಜಕರ ಲೆಕ್ಕದಲ್ಲಿ ಹೀಗೇ.

ಹಾಗಾಗಿ ವಚನ, ದಾಸರ ಪದಗಳ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಗೋವಿಂದ ಪೈ 1963ರಲ್ಲಿ ತೀರಿಕೊಂಡರು, ಅವರ ಕವಿತೆಗಳು 2024ರಿಂದ ಮುಕ್ತ. ಬೇಂದ್ರೆಯವರದ್ದು 2041 ಮುಗಿಯುವವರೆಗೆ, ಕುವೆಂಪು ಅವರದ್ದು 2054ರವರೆಗೆ ರಕ್ಷಣೆಯಲ್ಲಿವೆ.

ಶಿಶುನಾಳ ಷರೀಫರ ವಿಷಯದಲ್ಲಿ ಜನ ಮೋಸಹೋಗುತ್ತಾರೆ. ಅವರು ತೀರಿಕೊಂಡದ್ದು 1889ರಲ್ಲಿ, ಪದಗಳು ಎಲ್ಲರವು. ಆದರೆ ನಿಮ್ಮ ಬಾಯಲ್ಲಿ ಬರುವ ಧಾಟಿ ಬಹುಶಃ ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ. ಅಂದರೆ ಪದ ಮುಕ್ತ, ರಾಗ ಮುಕ್ತವಲ್ಲ. ನಿಮ್ಮದೇ ಧಾಟಿ ಕಟ್ಟಿದರೆ, ಇಲ್ಲವೇ ಊರಿನ ಭಜನೆ ಮೇಳದ ಹಳೆಯ ಮಟ್ಟು ಹಿಡಿದರೆ ಈ ತೊಡಕಿಲ್ಲ.

ಕರೋಕೆ ಟ್ರ್ಯಾಕ್ ಹಾಕಿ ಹಾಡಿದರೆ? ಆ ಟ್ರ್ಯಾಕ್‌ ಕೂಡ ಒಂದು ಧ್ವನಿಮುದ್ರಣ, ಅದಕ್ಕೂ ಒಡೆಯರಿದ್ದಾರೆ. ಯೂಟ್ಯೂಬಿನಿಂದ ಇಳಿಸಿಕೊಂಡ ತಂಬೂರಿ ಟ್ರ್ಯಾಕ್‌ಗೂ ಇದೇ ಮಾತು. ಸ್ಮ್ಯೂಲ್‌ನಂಥ ಆ್ಯಪ್‌ನಲ್ಲಿ ಹಾಡಿದ್ದನ್ನು ಇಳಿಸಿಕೊಂಡು ಬೇರೆ ಕಡೆ ಹಾಕಿದರೆ ಆ ಆ್ಯಪ್‌ನ ಅನುಮತಿ ಅಲ್ಲಿಗೂ ಬರುತ್ತದೆಂದು ತಿಳಿಯಬೇಡಿ. "ಹಕ್ಕು ಮೂಲ ಒಡೆಯರದ್ದು, ಮನರಂಜನೆಗಾಗಿ ಮಾತ್ರ" ಎಂದು ಬರೆದರೆ ರಕ್ಷಣೆ ಸಿಗುತ್ತದೆ ಎಂಬುದೂ ಬರೀ ನಂಬಿಕೆ.

10. ಹಂಚಿ

ಯೂಟ್ಯೂಬ್‌ಗೆ ಹಾಕುವಾಗ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಕೊಡಿ, ಜನ ಎರಡರಲ್ಲೂ ಹುಡುಕುತ್ತಾರೆ. ವಿವರಣೆಯಲ್ಲಿ ಸಾಹಿತ್ಯ, ರಾಗ ಸಂಯೋಜನೆ, ಗಾಯನ, ಪಕ್ಕವಾದ್ಯ ಯಾರದೆಂದು ಬರೆಯಿರಿ. ತಬಲಾದವರ ಹೆಸರು ಬಿಡುವುದು ಕೆಟ್ಟ ಚಾಳಿ. ಸ್ವಂತ ಹಾಡಾದರೆ ಪೂರ್ತಿ ಸಾಹಿತ್ಯವನ್ನೂ ಅಲ್ಲೇ ಹಾಕಿ. ಇನ್‌ಸ್ಟಾಗ್ರಾಮಿಗೆ ಪಲ್ಲವಿಯಿಂದ ಶುರುವಾಗುವ ತುಂಡು ಸಾಕು.

'ಕಂಟೆಂಟ್ ಐಡಿ ಕ್ಲೇಮ್' ಬಂದರೆ ಗಾಬರಿ ಬೇಡ. ಯಂತ್ರ ನಿಮ್ಮ ಹಾಡಿನಲ್ಲಿ ಬೇರೆಯವರ ಸಂಗೀತ ಗುರುತಿಸಿದೆ ಎಂದರ್ಥ. ಸಾಮಾನ್ಯವಾಗಿ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ತಡೆಯುತ್ತಾರೆ. 'ಕಾಪಿರೈಟ್ ಸ್ಟ್ರೈಕ್' ಬೇರೆ, ಅದು ಹಕ್ಕಿನ ಒಡೆಯರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಚಾನೆಲ್ಲಿಗೆ ಬೀಳುವ ಎಚ್ಚರಿಕೆ. 90 ದಿನಗಳಲ್ಲಿ ಅಂಥವು ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ತಪ್ಪೆಂದು ಖಚಿತವಿದ್ದರೆ ಮಾತ್ರ ತಕರಾರು ಸಲ್ಲಿಸಿ.

ಸ್ಪಾಟಿಫೈ, ಜಿಯೊಸಾವನ್‌ನಂಥ ಕಡೆಗೆ ಹಾಡು ತಲುಪಿಸಲು ವಿತರಕರು ಬೇಕು, ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥವರು. ಅವರಿಗೆ ವೇವ್ ಫೈಲ್ ಮತ್ತು ಚೌಕಾಕಾರದ ಚಿತ್ರ ಕೊಡಬೇಕು, 3000 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ, ಬರೆದಿಟ್ಟುಕೊಳ್ಳಿ. ವಿತರಕರನ್ನು ಬದಲಿಸಿದರೂ ಅದೇ ಗುರುತು ಕೊಡಬೇಕು. ಉಚಿತ ಲೂಪ್ (ಮತ್ತೆ ಮತ್ತೆ ಓಡಿಸುವ ಸಿದ್ಧ ಸಂಗೀತದ ತುಂಡು) ಬಳಸಿ ಹಾಡು ಮಾಡಿದ್ದರೆ 'ಕಂಟೆಂಟ್ ಐಡಿಗೆ ಸೇರಿಸಿ' ಎಂಬ ಚೌಕಕ್ಕೆ ಟಿಕ್ ಹಾಕಬೇಡಿ, ಅದೇ ಲೂಪ್ ಬಳಸಿದ ಬೇರೆಯವರಿಗೆಲ್ಲ ನಿಮ್ಮ ಹೆಸರಿನಲ್ಲಿ ಕ್ಲೇಮ್ ಹೋಗುತ್ತದೆ. ದುಡ್ಡು ಕಟ್ಟುವ ಮುಂಚೆ ಶುಲ್ಕ ಒಂದೇ ಸಲವೋ ವರ್ಷವರ್ಷವೋ ನೋಡಿ. ವರ್ಷದ ಚಂದಾ ಆಗಿದ್ದರೆ, ಕಟ್ಟುವುದು ನಿಲ್ಲಿಸಿದಾಗ ಹಾಡು ಉಳಿಯುತ್ತದೋ ಇಳಿಯುತ್ತದೋ ಎಂಬ ಸಾಲು ಒಪ್ಪಂದದಲ್ಲಿ ಎಲ್ಲೋ ಇರುತ್ತದೆ, ಹುಡುಕಿ ಓದಿ.